ರಾಜಭವನದಿಂದ ಸದನಕ್ಕೆ: ಬೊಮ್ಮಾಯಿ ಪ್ರಕರಣ ಸಾಗಿದ ದಾರಿ

1989ರ ಏಪ್ರಿಲ್ 15ರ ಶನಿವಾರ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ತಮ್ಮ ಸಂಪುಟಕ್ಕೆ 13 ಮಂದಿ ಹೊಸಬರನ್ನು ಸೇರಿಸಿಕೊಂಡರು. ಎರಡೇ ದಿನಕ್ಕೆ ಜನತಾ ದಳದ ಶಾಸಕ ಕೆ.ಆರ್. ಮೊಳಕೇರಿ ಪಕ್ಷ ತೊರೆದು, ಸರ್ಕಾರಕ್ಕೆ ತಮ್ಮ ಬೆಂಬಲವಿಲ್ಲವೆಂದು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಬರೆದುಕೊಟ್ಟರು. ಅದರ ಬೆನ್ನಿಗೇ ಇನ್ನೂ 19 ಶಾಸಕರ ಪತ್ರಗಳನ್ನು ಮೊಳಕೇರಿಯವರೇ ರಾಜಭವನಕ್ಕೆ ಮುಟ್ಟಿಸಿದರು. ಬರೆದವರಲ್ಲಿ 17 ಮಂದಿ ಆಳುವ ಪಕ್ಷದವರೇ. ಶಾಸಕಾಂಗದ ಕಾರ್ಯದರ್ಶಿಯನ್ನು ಕರೆಸಿ ಸಹಿಗಳು ಅಸಲಿಯೇ ಎಂದು ತಾಳೆ ನೋಡಿಸಿದ ರಾಜ್ಯಪಾಲರು ಏಪ್ರಿಲ್ 19ರಂದು ರಾಷ್ಟ್ರಪತಿಗೆ ವರದಿ ಕಳುಹಿಸಿಬಿಟ್ಟರು: ಬೊಮ್ಮಾಯಿ ಬಹುಮತ ಕಳೆದುಕೊಂಡಿದ್ದಾರೆ, ಬೇರಾವ ಪಕ್ಷವೂ ಸರ್ಕಾರ ರಚಿಸುವ ಸ್ಥಿತಿಯಲ್ಲಿಲ್ಲ, ಸಂವಿಧಾನದ 356ನೇ ವಿಧಿಯನ್ವಯ ರಾಷ್ಟ್ರಪತಿ ಆಳ್ವಿಕೆ ಹೇರಬೇಕು. ಇಷ್ಟು ದೊಡ್ಡ ತೀರ್ಮಾನಕ್ಕೆ ಬರುವ ಮುನ್ನ, ಅದೇ ಊರಿನಲ್ಲಿ ಇದ್ದ ಮುಖ್ಯಮಂತ್ರಿಯನ್ನು ಕರೆದು ಒಂದು ಮಾತು ಕೇಳಲಿಲ್ಲ.

ಮರುದಿನ ಚಿತ್ರ ಬದಲಾಯಿತು. ಪತ್ರ ಕೊಟ್ಟ 19 ಮಂದಿಯಲ್ಲಿ ಏಳು ಶಾಸಕರು, ತಪ್ಪು ಮಾಹಿತಿ ಕೊಟ್ಟು ತಮ್ಮಿಂದ ಸಹಿ ಹಾಕಿಸಿಕೊಳ್ಳಲಾಗಿದೆ, ತಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ರಾಜ್ಯಪಾಲರಿಗೆ ಬರೆದರು. ಬೊಮ್ಮಾಯಿ ತಮ್ಮ ಕಾನೂನು ಸಚಿವರೊಡನೆ ರಾಜಭವನಕ್ಕೆ ಹೋಗಿ, ವಿಧಾನಸಭೆಯನ್ನು ಕರೆಯೋಣ, ಬೇಕಿದ್ದರೆ ಅಧಿವೇಶನವನ್ನು ಮುಂಚಿತವಾಗಿಯೇ ಸೇರಿಸೋಣ, ಬಹುಮತ ಇದೆಯೋ ಇಲ್ಲವೋ ಅಲ್ಲಿ ತೀರ್ಮಾನವಾಗಲಿ ಎಂದು ಕೇಳಿಕೊಂಡರು. ರಾಷ್ಟ್ರಪತಿಗೂ ಟೆಲೆಕ್ಸ್ ಸಂದೇಶ ಕಳುಹಿಸಿದರು. ರಾಜ್ಯಪಾಲರು ಆ ದಿನ ಮಾಡಿದ್ದು ಮತ್ತೊಂದು ವರದಿ. ಏಳು ಶಾಸಕರ ಹೊಸ ಪತ್ರಗಳನ್ನು ಅದರಲ್ಲಿ ನಮೂದಿಸಿಯೂ, ಮೊದಲ ಶಿಫಾರಸನ್ನೇ ಪುನರುಚ್ಚರಿಸಿದರು. ಏಪ್ರಿಲ್ 21ರಂದು ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಘೋಷಣೆ ಹೊರಬಿತ್ತು. ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ. 1985ರ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ 139ನ್ನು ಜನತಾ ಪಕ್ಷಕ್ಕೆ ಕೊಟ್ಟಿದ್ದ ಮತದಾರನ ತೀರ್ಪು ಒಂದು ವಾರದ ಕಾಗದಪತ್ರಗಳಲ್ಲಿ ಮುಗಿದುಹೋಯಿತು.

ಇಂಥದ್ದು ಅದೇ ಮೊದಲೇನಲ್ಲ. ಹೀಗೆ ಮನೆಗೆ ಹೋದ ಮುಖ್ಯಮಂತ್ರಿಗಳ ಸಾಲು ಆಗಲೇ ಉದ್ದವಾಗಿತ್ತು. ಆದರೆ ಬೊಮ್ಮಾಯಿ ನ್ಯಾಯಾಲಯದ ಮೆಟ್ಟಿಲೇರಿದರು. ಅದರಿಂದ ಭಾರತದ ಒಕ್ಕೂಟ ವ್ಯವಸ್ಥೆಯ ಚರಿತ್ರೆಯೇ ತಿರುವು ಪಡೆಯಿತು ಎಂದು ನಾನು ನಂಬಿದ್ದೇನೆ.

ಕೇಂದ್ರದ ಕೈಗೆ 356ನೇ ವಿಧಿಯೆಂಬ ಈ ಅಸ್ತ್ರ ಬಂದದ್ದು ಹೇಗೆ? ಬೇರು ವಸಾಹತು ಕಾಲದಲ್ಲಿದೆ. 1935ರ ಭಾರತ ಸರ್ಕಾರ ಕಾಯ್ದೆಯ 93ನೇ ಕಲಮು, ಪ್ರಾಂತ್ಯದ ಆಡಳಿತ ನಡೆಯದಂತಾದರೆ ಎಲ್ಲ ಅಧಿಕಾರವನ್ನೂ ಗವರ್ನರ್ ತನ್ನ ಕೈಗೆ ತೆಗೆದುಕೊಳ್ಳಲು ಅವಕಾಶ ಕೊಟ್ಟಿತ್ತು. 1939ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟಾಗ ಬ್ರಿಟಿಷರು ಅದನ್ನು ಬಳಸಿದರು. ಹತ್ತೇ ವರ್ಷಕ್ಕೆ, ಅದೇ ಕಾಂಗ್ರೆಸ್ಸಿನ ನಾಯಕರು ತುಂಬಿದ್ದ ಸಂವಿಧಾನ ಸಭೆಯ ಮುಂದೆ ಅದರ ನೆರಳಿನಂಥ ವಿಧಿಯೊಂದು ಬಂತು. 1949ರ ಆಗಸ್ಟ್ ಮೊದಲ ವಾರ ನಡೆದ ಚರ್ಚೆಯಲ್ಲಿ ಎಚ್.ವಿ. ಕಾಮತ್ ಕಟುವಾಗಿ ವಿರೋಧಿಸಿದರು. ರಾಜ್ಯಪಾಲರ ವರದಿಯ ಮೇಲೆ ಮಾತ್ರವಲ್ಲದೆ ಇನ್ನಾವ ರೀತಿಯಲ್ಲಾದರೂ ರಾಷ್ಟ್ರಪತಿಗೆ ಮನವರಿಕೆಯಾದರೆ ಸಾಕು ಎಂಬ ಒಕ್ಕಣೆ ಅವರನ್ನು ಕೆರಳಿಸಿತ್ತು. ಹೃದಯನಾಥ ಕುಂಜ್ರು ಅವರೂ ಆತಂಕ ವ್ಯಕ್ತಪಡಿಸಿದರು.

ದೇಶ ವಿಭಜನೆಯ ಗಾಯ ಹಸಿಯಾಗಿತ್ತು, ಸಂಸ್ಥಾನಗಳ ವಿಲೀನ ಆಗತಾನೆ ನಡೆದಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ಬಲವಾದ ಕೇಂದ್ರ ಬೇಕೆಂಬುದು ಆ ಹೊತ್ತಿನ ಹುಸಿ ಭಯವಾಗಿರಲಿಲ್ಲ. ಅಂಬೇಡ್ಕರ್ ಕೊಟ್ಟ ಉತ್ತರದಲ್ಲಿ ಈ ಎರಡೂ ಎಳೆಗಳಿವೆ. ದುರುಪಯೋಗ ಆಗಲಾರದೆಂದು ಅವರು ವಾದಿಸಲಿಲ್ಲ. ಈ ವಿಧಿ ಎಂದೂ ಬಳಕೆಗೆ ಬಾರದೆ ಸತ್ತ ಅಕ್ಷರವಾಗಿ ಉಳಿಯಲಿ ಎಂಬುದೇ ತಮ್ಮ ಆಶಯವೆಂದರು. ಬಳಸಲೇಬೇಕಾದರೂ ರಾಷ್ಟ್ರಪತಿ ಮೊದಲು ಆ ಪ್ರಾಂತ್ಯಕ್ಕೆ ಎಚ್ಚರಿಕೆ ಕೊಡುತ್ತಾರೆ, ಅದು ಫಲಿಸದಿದ್ದರೆ ಚುನಾವಣೆ ನಡೆಸಿ ಜನರೇ ತೀರ್ಮಾನಿಸಲು ಬಿಡುತ್ತಾರೆ, ಎರಡೂ ಸೋತಾಗ ಮಾತ್ರ ಈ ವಿಧಿಗೆ ಕೈಹಾಕುತ್ತಾರೆ ಎಂದು ಭರವಸೆ ನೀಡಿದರು. ಇವುಗಳಲ್ಲಿ ಒಂದನ್ನೂ ಸಂವಿಧಾನದ ಪಠ್ಯದಲ್ಲಿ ಬರೆದಿಡಲಿಲ್ಲ. ಮುಂದಿನ ನಾಲ್ಕು ದಶಕಗಳ ಅನಾಹುತಕ್ಕೆಲ್ಲ ಈ ಬರೆಯದೆ ಬಿಟ್ಟ ಜಾಗವೇ ದಾರಿಯಾಯಿತು.

ಗಣರಾಜ್ಯಕ್ಕೆ ಎರಡು ವರ್ಷ ತುಂಬುವ ಮೊದಲೇ, 1951ರ ಜೂನ್‌ನಲ್ಲಿ, ಪಂಜಾಬಿನ ಮೇಲೆ ಮೊದಲ ಪ್ರಯೋಗ ನಡೆಯಿತು. ಅಲ್ಲಿನ ಮುಖ್ಯಮಂತ್ರಿ ಗೋಪಿಚಂದ್ ಭಾರ್ಗವ ಅವರದು ಕಾಂಗ್ರೆಸ್ ಸರ್ಕಾರವೇ. ಪಕ್ಷದ ಒಳಜಗಳವನ್ನು ಬಗೆಹರಿಸಲು ಸಂವಿಧಾನದ ತುರ್ತು ಅಧಿಕಾರ ಬಳಕೆಯಾಯಿತು. 1959ರ ಜುಲೈ 31ರಂದು ಕೇರಳದ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರ ಉರುಳಿತು. ಶಿಕ್ಷಣ ಮಸೂದೆ ಮತ್ತು ಭೂಸುಧಾರಣೆಯ ವಿರುದ್ಧ ಬೀದಿಗಿಳಿದಿದ್ದ ವಿಮೋಚನಾ ಸಮರ ರಾಜ್ಯ ತತ್ತರಿಸುವಂತೆ ಮಾಡಿತ್ತು, ನಿಜ. ಆದರೆ ನಂಬೂದಿರಿಪಾಡ್ ಅವರಿಗೆ ಸದನದಲ್ಲಿ ಬಹುಮತವಿತ್ತು. ಬಹುಮತವಿರುವ ಸರ್ಕಾರವನ್ನೂ ದೆಹಲಿ ತೆಗೆಯಬಲ್ಲದು ಎಂಬುದು ಅಂದು ಸಾಬೀತಾಯಿತು, ಅದೂ ಪ್ರಜಾಪ್ರಭುತ್ವವಾದಿ ನೆಹರೂ ಅವರ ಕಾಲದಲ್ಲಿ. 1967ರ ಚುನಾವಣೆಯಲ್ಲಿ ಹಲವು ರಾಜ್ಯಗಳು ಕಾಂಗ್ರೆಸ್ಸಿನ ಕೈತಪ್ಪಿದ ಮೇಲೆ ಈ ಪ್ರಯೋಗಕ್ಕೆ ಅಂಕೆಯೇ ಇಲ್ಲವಾಯಿತು. ತುರ್ತು ಪರಿಸ್ಥಿತಿಯ ನಡುವೆ 1976ರ ಜನವರಿ 31ರಂದು ಕರುಣಾನಿಧಿ ಸರ್ಕಾರ ಹೋಯಿತು. ಅದಕ್ಕೂ ಮೊದಲೇ, 1975ರಲ್ಲಿ, 38ನೇ ತಿದ್ದುಪಡಿಯ ಮೂಲಕ ರಾಷ್ಟ್ರಪತಿಯ ಮನವರಿಕೆಯನ್ನು ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸುವಂತಿಲ್ಲ ಎಂದು ಇಂದಿರಾ ಗಾಂಧಿ ಸರ್ಕಾರ ಬರೆದುಕೊಂಡಿತ್ತು.

ಆ ಕಾಲದ ಸಂತ್ರಸ್ತರು 1977ರಲ್ಲಿ ಜನತಾ ಪಕ್ಷವಾಗಿ ಅಧಿಕಾರಕ್ಕೆ ಬಂದರು. ಬಂದವರು ಏನು ಮಾಡಿದರು? ಗೃಹಸಚಿವ ಚರಣ್ ಸಿಂಗ್ ಒಂಬತ್ತು ಕಾಂಗ್ರೆಸ್ ಮುಖ್ಯಮಂತ್ರಿಗಳಿಗೆ, ನಿಮ್ಮ ಪಕ್ಷ ಲೋಕಸಭೆಯಲ್ಲಿ ಸೋತಿದೆ, ನಿಮ್ಮ ವಿಧಾನಸಭೆಗಳನ್ನೂ ವಿಸರ್ಜಿಸಿ ಎಂದು ಬರೆದರು. ಒಪ್ಪದ ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ರಾಜಸ್ಥಾನ ಪ್ರಕರಣವೆಂದೇ ಹೆಸರಾದ ಆ ಮೊಕದ್ದಮೆಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ರಾಜ್ಯಗಳ ವಾದವನ್ನು ತಳ್ಳಿಹಾಕಿತು. ಆಗ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ಜಮಖಂಡಿಯ ಬಿ.ಡಿ. ಜತ್ತಿ, ಒಂದು ಕಾಲಕ್ಕೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. ಸಹಿ ಹಾಕಲು ಅವರು ಹಿಂದೆಮುಂದೆ ನೋಡಿದರು. ಆ ಹಿಂಜರಿಕೆಯನ್ನು ಅಂದು ಹಲವರು ಹಳೆಯ ಪಕ್ಷನಿಷ್ಠೆ ಎಂದು ಟೀಕಿಸಿದರು. ಕೊನೆಗೆ ಏಪ್ರಿಲ್ 30ರಂದು ಸಹಿ ಬಿತ್ತು. ಅದೇ ವರ್ಷದ ಡಿಸೆಂಬರ್ 31ರಂದು ಕರ್ನಾಟಕದ ದೇವರಾಜ ಅರಸು ಸರ್ಕಾರವನ್ನೂ ಜನತಾ ಕೇಂದ್ರ ಮನೆಗೆ ಕಳುಹಿಸಿತು. ಎರಡು ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಮತದಾರರು ಅರಸರನ್ನು ಮತ್ತೆ ಕರೆತಂದರು. 1980ರಲ್ಲಿ ಮರಳಿ ಬಂದ ಇಂದಿರಾ ಗಾಂಧಿ ಲೆಕ್ಕ ಚುಕ್ತಾ ಮಾಡಿದರು: ಫೆಬ್ರುವರಿಯಲ್ಲಿ ಒಂಬತ್ತು ವಿಧಾನಸಭೆಗಳ ವಿಸರ್ಜನೆ.

ಹಾಗಾಗಿ ಇದನ್ನು ಒಂದು ಪಕ್ಷದ ಪಾಪವೆಂದು ಹೇಳುವುದು ಚರಿತ್ರೆಗೆ ಮಾಡುವ ಅನ್ಯಾಯ. ದೆಹಲಿಯಲ್ಲಿ ಕೂತವರೆಲ್ಲ ಇದನ್ನು ಬಳಸಿದರು. ಜನತಾ ಸರ್ಕಾರ ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ 1978ರ 44ನೇ ತಿದ್ದುಪಡಿ. ನ್ಯಾಯಾಲಯದ ಬಾಗಿಲು ಮುಚ್ಚಿದ್ದ 1975ರ ಒಕ್ಕಣೆಯನ್ನು ಅದು ಕಿತ್ತುಹಾಕಿತು. ಹನ್ನೊಂದು ವರ್ಷಗಳ ಬಳಿಕ ಬೊಮ್ಮಾಯಿ ಒಳಗೆ ಹೋದದ್ದು ಆ ಬಾಗಿಲಿನಿಂದಲೇ.

ನಡುವೆ ಬೆಂಗಳೂರಿನಲ್ಲಿ ಇನ್ನೊಂದು ಬೆಳವಣಿಗೆ ನಡೆದಿತ್ತು. 1983ರ ಮಾರ್ಚ್‌ನಲ್ಲಿ, ಅಧಿಕಾರಕ್ಕೆ ಬಂದು ಮೂರು ತಿಂಗಳೂ ತುಂಬದ ರಾಮಕೃಷ್ಣ ಹೆಗಡೆ ದಕ್ಷಿಣದ ಮುಖ್ಯಮಂತ್ರಿಗಳ ಸಭೆ ಕರೆದರು. ಎನ್.ಟಿ. ರಾಮರಾವ್ ಬಂದರು, ಎಂ.ಜಿ. ರಾಮಚಂದ್ರನ್ ಬಂದರು. ಹಣಕಾಸು ಹಂಚಿಕೆಯಿಂದ ಹಿಡಿದು ರಾಜ್ಯಪಾಲರ ನಡವಳಿಕೆಯವರೆಗೆ ಮಾತುಕತೆ ನಡೆಯಿತು. ಕೆಲವೇ ದಿನಗಳಲ್ಲಿ ಇಂದಿರಾ ಗಾಂಧಿ, ಕೇಂದ್ರ ಮತ್ತು ರಾಜ್ಯಗಳ ಸಂಬಂಧಗಳನ್ನು ಪರಿಶೀಲಿಸಲು ನಿವೃತ್ತ ನ್ಯಾಯಮೂರ್ತಿ ಆರ್.ಎಸ್. ಸರ್ಕಾರಿಯಾ ಅವರ ನೇತೃತ್ವದ ಆಯೋಗವನ್ನು ಪ್ರಕಟಿಸಿದರು. 1988ರಲ್ಲಿ ಹೊರಬಂದ ಅದರ ವರದಿ, ತಾನು ಪರಿಶೀಲಿಸಿದ 75 ಪ್ರಸಂಗಗಳ ಪೈಕಿ ರಾಷ್ಟ್ರಪತಿ ಆಳ್ವಿಕೆ ಅನಿವಾರ್ಯವಾಗಿದ್ದುದು 26ರಲ್ಲಿ ಮಾತ್ರ ಎಂದಿತು. ಬಹುಮತದ ಪರೀಕ್ಷೆ ಸದನದೊಳಗೇ ಆಗಬೇಕೆಂದೂ ಹೇಳಿತು. ವೆಂಕಟಸುಬ್ಬಯ್ಯನವರು ದೆಹಲಿಗೆ ವರದಿ ಬರೆಯುವಾಗ ಈ ಶಿಫಾರಸು ಎಲ್ಲರ ಕಣ್ಣೆದುರಿಗಿತ್ತು.

ಬೊಮ್ಮಾಯಿ ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದವರು, ಎಂ.ಎನ್. ರಾಯ್ ಅವರ ವಿಚಾರಗಳಲ್ಲಿ ಬೆಳೆದವರು. ದೂರವಾಣಿ ಕದ್ದಾಲಿಕೆಯ ಆರೋಪದಲ್ಲಿ ಹೆಗಡೆ ರಾಜೀನಾಮೆ ಕೊಟ್ಟ ಮೇಲೆ 1988ರ ಆಗಸ್ಟ್ 13ರಂದು ಕುರ್ಚಿಗೆ ಬಂದ ಅವರಿಗೆ ಹೆಗಡೆಯವರ ವರ್ಚಸ್ಸಾಗಲಿ ದೇವೇಗೌಡರ ಸಂಘಟನೆಯಾಗಲಿ ಇರಲಿಲ್ಲ. ಎಂಟು ತಿಂಗಳ ಅವರ ಆಡಳಿತವನ್ನು ಹೆಚ್ಚು ಜನ ನೆನೆಯುವುದೂ ಇಲ್ಲ. ವಜಾ ಆದ ಐದನೇ ದಿನ, ಏಪ್ರಿಲ್ 26ರಂದು, ಅವರು ಮತ್ತು ಅವರ ಸಂಗಡಿಗರು ಕರ್ನಾಟಕ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದರು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಜುಲೈ 6ರಂದು ಅದನ್ನು ವಜಾ ಮಾಡಿತು. ಘೋಷಣೆ ನ್ಯಾಯಾಲಯದ ಪರಿಶೀಲನೆಗೆ ಪೂರ್ತಿ ಹೊರತಾದುದೇನಲ್ಲ ಎಂದು ಪೀಠ ಒಪ್ಪಿತು, ಅಷ್ಟರಮಟ್ಟಿಗೆ ಅದೂ ಒಂದು ಹೆಜ್ಜೆ. ಆದರೆ ಸದನದಲ್ಲಿ ವಿಶ್ವಾಸಮತ ಪರೀಕ್ಷೆ ಕಡ್ಡಾಯವಲ್ಲ, ರಾಜ್ಯಪಾಲರ ಪ್ರಾಮಾಣಿಕತೆಯನ್ನು ಶಂಕಿಸಲು ಕಾರಣವಿಲ್ಲ ಎಂದಿತು. ನವೆಂಬರಿನ ಚುನಾವಣೆಯಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದು ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ರಾಜ್ಯ ರಾಜಕೀಯದಲ್ಲಿ ಬೊಮ್ಮಾಯಿಯವರ ಕಥೆ ಅಲ್ಲಿಗೆ ಮುಗಿದಂತೆಯೇ. ಗೆದ್ದರೂ ಮರಳಿ ಪಡೆಯಲು ಏನೂ ಇಲ್ಲದ ಮೊಕದ್ದಮೆಯನ್ನು ಅವರು ಸುಪ್ರೀಂ ಕೋರ್ಟಿನಲ್ಲಿ ಮುಂದುವರಿಸಿದರು. ಇದಕ್ಕಾಗಿ ಅವರಿಗೆ ನಾವು ಸಲ್ಲಿಸಬೇಕಾದ ಕೃತಜ್ಞತೆ ಇನ್ನೂ ಪೂರ್ತಿ ಸಂದಿಲ್ಲ.

ಆ ಮೇಲ್ಮನವಿ ಕಾಯುತ್ತಿದ್ದಾಗ ಬೇರೆ ರಾಜ್ಯಗಳ ದೂರುಗಳೂ ಬಂದು ಸೇರಿಕೊಂಡವು. ನಾಗಾಲ್ಯಾಂಡಿನಲ್ಲಿ 1988ರ ಆಗಸ್ಟ್‌ನಲ್ಲಿ, ಮೇಘಾಲಯದಲ್ಲಿ 1991ರ ಅಕ್ಟೋಬರಿನಲ್ಲಿ ಇಂಥದ್ದೇ ಘೋಷಣೆಗಳು ಬಿದ್ದಿದ್ದವು. ಆಮೇಲೆ 1992ರ ಡಿಸೆಂಬರ್ 6. ಬಾಬರಿ ಮಸೀದಿ ಉರುಳಿದ ದಿನವೇ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು. ಡಿಸೆಂಬರ್ 15ರಂದು ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಬಿಜೆಪಿ ಸರ್ಕಾರಗಳನ್ನೂ ನರಸಿಂಹರಾವ್ ಸರ್ಕಾರ ತೆಗೆಯಿತು. 1993ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶದ ಹೈಕೋರ್ಟ್ ಆ ರಾಜ್ಯದ ಘೋಷಣೆಯನ್ನು ರದ್ದುಮಾಡಿದಾಗ ಕೇಂದ್ರ ಬೆಚ್ಚಿತು. ಕೊನೆಗೆ ಎಲ್ಲವೂ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಒಟ್ಟಾದವು. ಹೆಸರು ಮಾತ್ರ ಮೊದಲಿಗನದು: ಎಸ್.ಆರ್. ಬೊಮ್ಮಾಯಿ ವಿರುದ್ಧ ಭಾರತ ಒಕ್ಕೂಟ.

1994ರ ಮಾರ್ಚ್ 11ರಂದು ಬಂದ ತೀರ್ಪು ಒಂದೇ ದನಿಯದಲ್ಲ. ಒಂಬತ್ತು ಮಂದಿ ಆರು ಪ್ರತ್ಯೇಕ ಅಭಿಪ್ರಾಯಗಳನ್ನು ಬರೆದರು. ನ್ಯಾಯಮೂರ್ತಿಗಳಾದ ಅಹ್ಮದಿ, ವರ್ಮಾ, ಯೋಗೇಶ್ವರ ದಯಾಳ್ ಮತ್ತು ರಾಮಸ್ವಾಮಿ ಅವರು ನ್ಯಾಯಾಲಯದ ಪರಿಶೀಲನೆಗೆ ತುಂಬ ಕಿರಿದಾದ ಜಾಗ ಬಿಟ್ಟರು. ಪಿ.ಬಿ. ಸಾವಂತ್ ಮತ್ತು ಕುಲದೀಪ್ ಸಿಂಗ್ ಒಂದು ತೀರ್ಪನ್ನೂ, ಬಿ.ಪಿ. ಜೀವನ್ ರೆಡ್ಡಿ ಮತ್ತು ಎಸ್.ಸಿ. ಅಗ್ರವಾಲ್ ಇನ್ನೊಂದನ್ನೂ ಬರೆದರು. ರತ್ನವೇಲ್ ಪಾಂಡ್ಯನ್ ಅವರ ಸಮ್ಮತಿಯೊಡನೆ ಅದು ಐವರ ಬಹುಮತವಾಯಿತು.

ಅವರು ಹೇಳಿದ್ದರ ತಿರುಳು ಇಷ್ಟು. ರಾಷ್ಟ್ರಪತಿಯ ಮನವರಿಕೆಗೆ ಆಧಾರವಾದ ಸಾಮಗ್ರಿ ಇತ್ತೇ, ಅದು ಪ್ರಸ್ತುತವಾದುದೇ, ಹಿಂದೆ ದುರುದ್ದೇಶವಿತ್ತೇ ಎಂದು ನ್ಯಾಯಾಲಯ ನೋಡಬಹುದು. ಮಂತ್ರಿಮಂಡಲ ಕೊಟ್ಟ ಸಲಹೆ ಗೋಪ್ಯವಾಗಿರಬಹುದು, ಆದರೆ ಅದರ ಬುಡದಲ್ಲಿರುವ ಕಾಗದಗಳನ್ನು ಕೇಂದ್ರ ಮುಚ್ಚಿಡುವಂತಿಲ್ಲ. ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದೇ ಹೊರತು ವಿಸರ್ಜಿಸುವಂತಿಲ್ಲ. ಘೋಷಣೆ ಅಸಾಂವಿಧಾನಿಕವಾದರೆ ವಜಾ ಆದ ಸರ್ಕಾರವನ್ನೂ ವಿಸರ್ಜಿತ ಸದನವನ್ನೂ ನ್ಯಾಯಾಲಯ ಮರಳಿ ಸ್ಥಾಪಿಸಬಹುದು. ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ ಮಾತು ಇನ್ನೊಂದು: ಮಂತ್ರಿಮಂಡಲಕ್ಕೆ ಬಹುಮತವಿದೆಯೇ ಎಂಬುದು ರಾಜ್ಯಪಾಲರ ಖಾಸಗಿ ಅಂದಾಜಿಗೆ ಬಿಟ್ಟ ವಿಷಯವಲ್ಲ, ಅದರ ಪರೀಕ್ಷೆಗೆ ಇರುವ ಜಾಗ ಸದನವೊಂದೇ. ಜೀವನ್ ರೆಡ್ಡಿಯವರು ಮುಂದುವರಿದು, ಸಂವಿಧಾನ ಕೇಂದ್ರಕ್ಕೆ ಹೆಚ್ಚು ಬಲ ಕೊಟ್ಟಿದೆ ಎಂಬ ಮಾತ್ರಕ್ಕೆ ರಾಜ್ಯಗಳು ಅದರ ಬಾಲಂಗೋಚಿಗಳಲ್ಲ, ತಮಗೆ ಹಂಚಿಕೆಯಾದ ಕ್ಷೇತ್ರದಲ್ಲಿ ಅವು ಸರ್ವೋಚ್ಚ ಎಂದು ವಿವರಿಸಿದರು. ವಿದ್ವಾಂಸ ಕೆ.ಸಿ. ವೇರ್ ನಮ್ಮದನ್ನು ಅರೆ ಒಕ್ಕೂಟವೆಂದು ಕರೆದ ಕಾಲದಿಂದ ನಡೆದು ಬಂದಿದ್ದ ವಾಗ್ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಅಲ್ಲಿಯತನಕ ಬಂದಿರಲಿಲ್ಲ.

ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡಿನ ಘೋಷಣೆಗಳು ಅಸಾಂವಿಧಾನಿಕವೆಂದು ತೀರ್ಮಾನವಾಯಿತು. ಆದರೆ ಅಷ್ಟರಲ್ಲಿ ಚುನಾವಣೆಗಳು ನಡೆದುಹೋಗಿದ್ದರಿಂದ ಯಾರಿಗೂ ಏನನ್ನೂ ಮರಳಿಸಲಾಗಲಿಲ್ಲ. ಬೊಮ್ಮಾಯಿ ಗೆಲ್ಲಲು ಸುಮಾರು ಐದು ವರ್ಷ ಹಿಡಿದಿತ್ತು. ಉಳಿದ ಮೂರು ರಾಜ್ಯಗಳಲ್ಲಿ ಕೇಂದ್ರದ ಕ್ರಮವನ್ನು ಪೀಠ ಎತ್ತಿಹಿಡಿಯಿತು. ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣ, ಅದಕ್ಕೆ ವಿರುದ್ಧವಾಗಿ ನಡೆಯುವ ಸರ್ಕಾರ ಸಂವಿಧಾನಕ್ಕೆ ಅನುಸಾರವಾಗಿ ನಡೆಯುತ್ತಿಲ್ಲ ಎಂಬುದು ಅದರ ತರ್ಕ. ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಾರದಿರುವುದು ಇಲ್ಲಿಯೇ. ಮಸೀದಿ ಉರುಳಿದ್ದು ಅಯೋಧ್ಯೆಯಲ್ಲಿ. ಭೋಪಾಲ, ಜೈಪುರ, ಶಿಮ್ಲಾದ ಸರ್ಕಾರಗಳ ಮೇಲೆ ಅದರ ಹೊಣೆ ಹೊರಿಸಿದ್ದು ಎಷ್ಟು ಸರಿ ಎಂದು ಒಂದು ಪಕ್ಷ ಕೇಳುತ್ತದೆ. ಆ ಹೊತ್ತಿನ ಬೆಂಕಿಯನ್ನೂ ಆಳುವ ಪಕ್ಷದ ಪ್ರಣಾಳಿಕೆಯನ್ನೂ ಮರೆತು ತೂಗುವಂತಿಲ್ಲ ಎಂದು ಇನ್ನೊಂದು ಹೇಳುತ್ತದೆ. ತೀರ್ಪಿನ ಮೊದಲ ಭಾಗ ಕೇಂದ್ರದಿಂದ ಕೇಳಿದ ಸಾಕ್ಷ್ಯದ ಕಟ್ಟುನಿಟ್ಟನ್ನು ಎರಡನೆಯ ಭಾಗ ಕೇಳಲಿಲ್ಲ ಎಂದೇ ನನಗನಿಸುತ್ತದೆ.

ಆಮೇಲೆ ಏನಾಯಿತು? 1994ರವರೆಗೆ 90ಕ್ಕೂ ಹೆಚ್ಚು ಬಾರಿ ಬಳಕೆಯಾಗಿದ್ದ ವಿಧಿಯ ಓಟ ಕುಂಟಿತು. ಸಮ್ಮಿಶ್ರ ಸರ್ಕಾರಗಳ ಕಾಲದಲ್ಲಿ ಪ್ರಾದೇಶಿಕ ಪಕ್ಷಗಳೇ ದೆಹಲಿಯನ್ನು ಎತ್ತಿ ಹಿಡಿದಿದ್ದವು, ಹಾಗಾಗಿ ಕೇಂದ್ರದ ಕೈ ಕಟ್ಟಿದ್ದು ರಾಜಕೀಯವೇ ಹೊರತು ತೀರ್ಪಲ್ಲ ಎನ್ನುವವರಿದ್ದಾರೆ. ಅರ್ಧ ನಿಜ. 1997ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಬಗ್ಗೆ ಗುಜ್ರಾಲ್ ಸರ್ಕಾರ ಕಳುಹಿಸಿದ ಶಿಫಾರಸನ್ನು, 1998ರಲ್ಲಿ ಬಿಹಾರದ ಬಗ್ಗೆ ವಾಜಪೇಯಿ ಸರ್ಕಾರ ಕಳುಹಿಸಿದ್ದನ್ನು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಮರುಪರಿಶೀಲನೆಗೆ ಹಿಂದಿರುಗಿಸಿದರು. ಹಾಗೆ ಹಿಂದಿರುಗಿಸುವ ರಾಷ್ಟ್ರಪತಿಯ ಬೆನ್ನಿಗೆ ಈ ತೀರ್ಪು ಇತ್ತು. 1999ರಲ್ಲಿ ಬಿಹಾರದ ಮೇಲೆ ಹೇರಿದ ಆಳ್ವಿಕೆಗೆ ರಾಜ್ಯಸಭೆಯ ಒಪ್ಪಿಗೆ ಸಿಗುವುದಿಲ್ಲವೆಂದು ಖಚಿತವಾದಾಗ ಕೇಂದ್ರ ಅದನ್ನು ಹಿಂತೆಗೆದುಕೊಂಡಿತು. ವಿಧಾನಸಭೆ ವಿಸರ್ಜನೆಯಾಗಿರಲಿಲ್ಲವಾದ್ದರಿಂದ ರಾಬ್ಡಿ ದೇವಿ ಮರಳಿ ಮುಖ್ಯಮಂತ್ರಿಯಾಗಲು ಸಾಧ್ಯವಾಯಿತು.

ಬೊಮ್ಮಾಯಿ ಸರ್ಕಾರ ವಜಾ ಆದಾಗ ಕೇಂದ್ರದ ಗೃಹಸಚಿವರಾಗಿದ್ದ ಬೂಟಾ ಸಿಂಗ್ 2005ರಲ್ಲಿ ಬಿಹಾರದ ರಾಜ್ಯಪಾಲರಾಗಿದ್ದರು. ಒಮ್ಮೆಯೂ ಸೇರದಿದ್ದ ವಿಧಾನಸಭೆಯ ವಿಸರ್ಜನೆಗೆ ಅವರು ಶಿಫಾರಸು ಮಾಡಿದರು. ಅದು ಅಸಾಂವಿಧಾನಿಕವೆಂದು ಸುಪ್ರೀಂ ಕೋರ್ಟ್ ಬೊಮ್ಮಾಯಿ ತೀರ್ಪನ್ನೇ ಆಧರಿಸಿ ಹೇಳಿತು, ಬೂಟಾ ಸಿಂಗ್ 2006ರ ಜನವರಿಯಲ್ಲಿ ಹುದ್ದೆ ಬಿಟ್ಟರು. ಆಗಲೂ ಸದನ ಮರುಜೀವ ಪಡೆಯಲಿಲ್ಲ. ಮರುಸ್ಥಾಪನೆಯ ಮಾತು ಕೃತಿಗೆ ಇಳಿದದ್ದು ಇನ್ನೂ ಹತ್ತು ವರ್ಷದ ಮೇಲೆ. 2016ರಲ್ಲಿ ಉತ್ತರಾಖಂಡದ ಹರೀಶ್ ರಾವತ್ ಸರ್ಕಾರ ವಿಶ್ವಾಸಮತ ಕೇಳಬೇಕಿದ್ದ ಮುನ್ನಾದಿನವೇ ರಾಷ್ಟ್ರಪತಿ ಆಳ್ವಿಕೆ ಬಂದಿತ್ತು. ಹೈಕೋರ್ಟ್ ಅದನ್ನು ಏಪ್ರಿಲ್ 21ರಂದು ರದ್ದುಮಾಡಿತು. ಮೇ 10ರಂದು ಸುಪ್ರೀಂ ಕೋರ್ಟಿನ ಕಣ್ಗಾವಲಿನಲ್ಲಿ ಸದನದಲ್ಲಿ ಮತದಾನ ನಡೆದು, 33ಕ್ಕೆ 28 ಮತಗಳಿಂದ ರಾವತ್ ಗೆದ್ದು ಮರಳಿದರು.

ಬೊಮ್ಮಾಯಿ ಅದನ್ನು ನೋಡಲು ಇರಲಿಲ್ಲ. 1996ರ ಸಂಯುಕ್ತ ರಂಗ ಸರ್ಕಾರದಲ್ಲಿ ಮಾನವ ಸಂಪನ್ಮೂಲ ಸಚಿವರಾಗಿದ್ದ ಅವರು 2007ರ ಅಕ್ಟೋಬರ್ 10ರಂದು ತೀರಿಕೊಂಡರು. ಹಿಂದಿನ ದಿನವಷ್ಟೇ, ಜೆಡಿಎಸ್ ಮತ್ತು ಬಿಜೆಪಿ ಮೈತ್ರಿ ಮುರಿದ ಕಾರಣಕ್ಕೆ, ಕರ್ನಾಟಕ ಮತ್ತೆ ರಾಷ್ಟ್ರಪತಿ ಆಳ್ವಿಕೆಗೆ ಒಳಗಾಗಿತ್ತು.

ಅವರ ರಾಜ್ಯದಲ್ಲಿಯೇ ಅವರ ತೀರ್ಪಿನ ಬಲವೂ ಮಿತಿಯೂ ಒಟ್ಟಿಗೆ ಕಂಡವು. 2018ರ ಮೇ ತಿಂಗಳಲ್ಲಿ ಬಿ.ಎಸ್. ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ರಾಜ್ಯಪಾಲ ವಜುಭಾಯಿ ವಾಲಾ 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಅದನ್ನು ಮೊಟಕುಗೊಳಿಸಿ ಮೇ 19ಕ್ಕೇ ಪರೀಕ್ಷೆ ನಡೆಯಲಿ ಎಂದಿತು, ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಮರುವರ್ಷದ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ 99ಕ್ಕೆ 105 ಮತಗಳಿಂದ ಬಿತ್ತು. ಬಿದ್ದದ್ದು ಸದನದಲ್ಲಿಯೇ, ಬೊಮ್ಮಾಯಿ ಕೇಳಿದ್ದ ರೀತಿಯಲ್ಲಿಯೇ. ಆದರೆ ಬಂಡೆದ್ದ ಶಾಸಕರು ರಾಜೀನಾಮೆ ಪತ್ರ ಬರೆದು ಮುಂಬೈ ಸೇರಿದ್ದರು. ಅನರ್ಹಗೊಂಡ 17 ಮಂದಿಯ ಅನರ್ಹತೆಯನ್ನು ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಉಪಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲ ಎಂದೂ ಹೇಳಿತು. ಡಿಸೆಂಬರಿನ ಉಪಚುನಾವಣೆಯಲ್ಲಿ 15 ಕ್ಷೇತ್ರಗಳ ಪೈಕಿ 12ನ್ನು ಬಿಜೆಪಿ ಗೆದ್ದಿತು. ರಾಜಭವನದ ಮೂಲಕ ಸರ್ಕಾರ ಉರುಳಿಸುವ ದಾರಿಗೆ 1994ರ ತೀರ್ಪು ಬೇಲಿ ಹಾಕಿದೆ. ರಾಜೀನಾಮೆಗಳ ಮೂಲಕ ಸದನದ ಸಂಖ್ಯೆಯನ್ನೇ ಇಳಿಸುವ ದಾರಿಗೆ ಅದರಲ್ಲಿ ಉತ್ತರವಿಲ್ಲ. ಆ ಉತ್ತರವನ್ನು ಸಂಸತ್ತು ಪಕ್ಷಾಂತರ ನಿಷೇಧಕ್ಕೆ ಸಂಬಂಧಿಸಿದ ಸಂವಿಧಾನದ 10ನೇ ಅನುಸೂಚಿಯನ್ನು ತಿದ್ದಿಯೇ ಕೊಡಬೇಕು, ಇನ್ನೂ ಕೊಟ್ಟಿಲ್ಲ.